ಜಿಪ್ಸಿಯ ವೀಲ್ ಸ್ಟಡ್ ಮುರಿದರೆ: ಹೊಸದು ಹಾಕುವ ಮೊದಲು ಕಾರಣ ಹುಡುಕಿ

ಪಂಕ್ಚರ್ ಆದ ಚಕ್ರ ಬಿಚ್ಚೋಣ ಅಂತ ಪಾನಾ ಹಾಕಿ ತಿರುಗಿಸಿದರೆ ಸ್ಟಡ್, ಅಂದರೆ ಚಕ್ರದ ನಟ್ ಬಿಗಿಯುವ ಬೋಲ್ಟ್, ತುಂಡಾಗಿ ನಟ್ ಸಮೇತ ಕೈಗೆ ಬರುತ್ತದೆ. ಇಲ್ಲವೇ ಗಾಡಿ ತೊಳೆಯುವಾಗ ಐದು ನಟ್ ಇರಬೇಕಾದ ಕಡೆ ನಾಲ್ಕೇ ಕಾಣುತ್ತವೆ. ಎಸ್ಟೇಟ್ ರಸ್ತೆ, ಕೊಡಚಾದ್ರಿ, ಮಾಂದಲ್‌ಪಟ್ಟಿ ಅಂತ ಜೀಪು, ಜಿಪ್ಸಿ ಓಡಿಸುವವರು ಒಂದಲ್ಲ ಒಂದು ದಿನ ಇದನ್ನು ನೋಡೇ ನೋಡುತ್ತಾರೆ. ಸ್ಟಡ್‌ಗೆ ಬೆಲೆ ಜಾಸ್ತಿ ಇಲ್ಲ. ಸರಿಯಾದ ಸಾಮಾನು ಇದ್ದರೆ ಹಿಂದಿನ ಚಕ್ರದ ಕೆಲಸ ಮನೆಯ ಅಂಗಳದಲ್ಲೇ ಮುಗಿಯುತ್ತದೆ. ಆದರೆ ಹಳೇದನ್ನು ಬಡಿದು ತೆಗೆದು ಹೊಸದು ತೂರಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ. ಒಳ್ಳೆಯ ಸ್ಟಡ್ ಸುಮ್ನೆ ಮುರಿಯುವುದಿಲ್ಲ. ಅದನ್ನು ಮುರಿದ ಕಾರಣ ಇನ್ನೂ ಆ ಚಕ್ರದಲ್ಲೇ ಇದ್ದರೆ ಮುಂದಿನ ಸರದಿ ಪಕ್ಕದ ಸ್ಟಡ್‌ನದು.

ಉದಾಹರಣೆಗೆ ಇಲ್ಲಿ ಮಾರುತಿ ಜಿಪ್ಸಿ ಇಟ್ಟುಕೊಂಡಿದ್ದೇನೆ. 1985ರಲ್ಲಿ ಬಂದ ಗಾಡಿ. ಶೋರೂಮಿನಲ್ಲಿ ಮಾರಾಟ ನಿಂತು ವರ್ಷಗಳಾದರೂ ನಮ್ಮ ಕಡೆ ಇನ್ನೂ ದುಡಿಯುತ್ತಲೇ ಇದೆ. ಹಳೇ ಮಹೀಂದ್ರ ಜೀಪಿನಲ್ಲಿ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಹೇಳುತ್ತೇನೆ.

ಸ್ಟಡ್‌ನ ಕೆಲಸ ಏನು

ಗಾಡಿಯ ಭಾರವನ್ನೆಲ್ಲ ಸ್ಟಡ್‌ಗಳೇ ಹೊತ್ತಿವೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ನಟ್ ಬಿಗಿದಾಗ ಸ್ಟಡ್ ಕೂದಲೆಳೆಯಷ್ಟು ಹಿಗ್ಗುತ್ತದೆ. ಸ್ಪ್ರಿಂಗ್ ತರಹ ಹಿಂದಕ್ಕೆ ಎಳೆದುಕೊಳ್ಳಲು ನೋಡುತ್ತದೆ. ಆ ಎಳೆತ ರಿಮ್ಮನ್ನು ಅದರ ಹಿಂದಿರುವ ಬ್ರೇಕ್ ಡ್ರಮ್ಮಿನ ಮುಖಕ್ಕೆ ಅಮುಕಿ ಹಿಡಿಯುತ್ತದೆ. ಚಕ್ರ ಜಾರದಂತೆ ನೋಡಿಕೊಳ್ಳುವುದು ಆ ಎರಡು ಮುಖಗಳ ನಡುವಿನ ಹಿಡಿತ. ಬಿಗಿಯಾಗಿ ಕಟ್ಟಿದ ಸೌದೆ ಹೊರೆ ನೋಡಿ: ಕಟ್ಟಿಗೆ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ, ಹಗ್ಗ ಸವೆಯುವುದಿಲ್ಲ. ಕಟ್ಟು ಸಡಿಲವಾದರೆ ಪ್ರತಿ ಹೆಜ್ಜೆಗೂ ಕಟ್ಟಿಗೆ ಅಲುಗಾಡಿ ಹಗ್ಗವನ್ನೇ ತಿನ್ನುತ್ತವೆ.

ಚಕ್ರ ಸಡಿಲವಾದಾಗಲೂ ಅದೇ ಆಗುತ್ತದೆ. ಒಂದೊಂದು ಸುತ್ತಿಗೂ ಸ್ಟಡ್ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬಾಗುತ್ತದೆ. 205/70 ಆರ್15 ಟೈರ್ ಇದ್ದರೆ ಒಂದು ಕಿಲೋಮೀಟರಿಗೆ ಚಕ್ರ ಸುಮಾರು 475 ಸುತ್ತು ತಿರುಗುತ್ತದೆ. 50 ಕಿಲೋಮೀಟರ್ ಹೋದರೆ 23 ಸಾವಿರಕ್ಕೂ ಜಾಸ್ತಿ ಸಲ ಬಾಗಿ ನೆಟ್ಟಗಾದಂತಾಯಿತು. ಕಬ್ಬಿಣದ ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಮುರಿಯುತ್ತೇವಲ್ವಾ, ಇದೂ ಅದೇ. ನಾವು ನೋಡುವ ಮುರಿದ ಸ್ಟಡ್‌ಗಳಲ್ಲಿ ಬಹುಪಾಲು ಹೀಗೆ ಹೋದವು. ಬಂಡೆಗೆ ಹೊಡೆದದ್ದಕ್ಕೆ, ಭಾರ ಹೇರಿದ್ದಕ್ಕೆ ಮುರಿದವು ಕಡಿಮೆ.

ಮುರಿದ ಮುಖ ಏನು ಹೇಳುತ್ತದೆ

ಮುರಿದ ತುಂಡನ್ನು ಎಸೆಯಬೇಡಿ. ಎಣ್ಣೆ ಒರೆಸಿ, ಬಿಸಿಲಿನಲ್ಲಿ ಓರೆಯಾಗಿ ಹಿಡಿದು ಮುರಿದ ಮುಖ ನೋಡಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು.

ಒಂದು ಅಂಚಿನಿಂದ ಶುರುವಾಗಿ ನುಣುಪಾದ ಭಾಗ, ಅದರ ಮೇಲೆ ಕೆರೆಯ ನೀರು ಇಳಿದಾಗ ದಡದಲ್ಲಿ ಉಳಿಯುವಂಥ ಬಾಗಿದ ಗೆರೆಗಳು, ಇನ್ನೊಂದು ಅಂಚಿನಲ್ಲಿ ಮಾತ್ರ ಕಾಳು ಕಾಳಾದ ಬೂದು ಬಣ್ಣದ ಒರಟು ಭಾಗ. ಹೀಗಿದ್ದರೆ ಅದು ದಣಿದು ಮುರಿದ ಸ್ಟಡ್. ನುಣುಪಾದ ಕಡೆ ಬಿರುಕು ಎಷ್ಟೋ ದಿನದಿಂದ ಬೆಳೆಯುತ್ತಿತ್ತು. ಒರಟು ಭಾಗ ಕೊನೆಯ ಕ್ಷಣದಲ್ಲಿ ಹರಿದದ್ದು. ನುಣುಪಾದ ಕಡೆ ಕಂದು ತುಕ್ಕು ಹಿಡಿದು, ಒರಟು ಭಾಗ ಮಾತ್ರ ಹೊಳೆಯುತ್ತಿದ್ದರೆ ಅನುಮಾನವೇ ಬೇಡ, ಆ ಬಿರುಕಿಗೆ ಮಳೆ ನೀರು ಮೊದಲೇ ಇಳಿದಿತ್ತು. ಇನ್ನೊಂದು ವಿಷಯ ಗಮನಿಸಿ. ಒರಟು ಭಾಗ ಚಿಕ್ಕದಾಗಿದ್ದರೆ ಕೊನೆಯಲ್ಲಿ ಸ್ಟಡ್ ಮೇಲೆ ಇದ್ದ ಎಳೆತವೂ ಕಡಿಮೆಯೇ, ಅಂದರೆ ನಟ್ ಸಡಿಲವಾಗಿತ್ತು.

ಇಡೀ ಮುಖದ ಮೇಲೆ ತಿರುಚಿದ ಹಾಗೆ ಸುಳಿ ಗುರುತು ಇದ್ದರೆ ನಟ್ ತಿರುಗಿಸುವಾಗಲೇ ಮುರಿದದ್ದು. ತುಕ್ಕು ಹಿಡಿದ ನಟ್, ಅಡ್ಡ ಕೂತ ಥ್ರೆಡ್, ಇಲ್ಲವೇ ಅತಿಯಾದ ಬಲ ಇದಕ್ಕೆ ಕಾರಣ. ಮುರಿದ ಜಾಗದ ಹತ್ತಿರ ಸ್ಟಡ್ ಸೊಂಟದ ಹಾಗೆ ಸಣ್ಣಗಾಗಿದ್ದರೆ ಅದನ್ನು ಬಿಗಿದು ಬಿಗಿದು ಎಳೆದಿದ್ದಾರೆ. ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ಟೈರ್ ಅಂಗಡಿಯ ಗಾಳಿ ಗನ್. ಅಳತೆ ಇಲ್ಲದೆ ಗನ್ನಿನಲ್ಲಿ ಹೊಡೆದು ಕೂರಿಸಿದ ನಟ್ ಅವತ್ತೇ ಮುರಿಯದಿರಬಹುದು. ಸ್ಟಡ್ ಹಿಗ್ಗಿ ವಾಪಸ್ ಬರುವ ಗುಣ ಕಳೆದುಕೊಂಡಿರುತ್ತದೆ. ಆಮೇಲೆ ತಾನೇ ಸಡಿಲವಾಗುತ್ತದೆ, ಬಾಗಲು ಶುರುವಾಗುತ್ತದೆ, ಒಂದು ದಿನ ಕತ್ತರಿಸುತ್ತದೆ.

ಸಡಿಲವಾದದ್ದು ಯಾಕೆ

ಇಲ್ಲಿ ಸ್ವಲ್ಪ ಹೊತ್ತು ಕೂತು ನೋಡಬೇಕು. ಚಕ್ರ ಬಿಚ್ಚಿ ಪಕ್ಕಕ್ಕಿಟ್ಟು ರಿಮ್‌ನ ಒಳಮುಖ ಮತ್ತು ಡ್ರಮ್‌ನ ಹೊರಮುಖ ಎರಡನ್ನೂ ನೋಡಿ.

ಮೊದಲ ಆರೋಪಿ ಕೆಸರು ಮತ್ತು ತುಕ್ಕು. ನಮ್ಮ ಕೆಂಪು ಮಣ್ಣು ಒಣಗಿದರೆ ಗಟ್ಟಿ ಪದರವಾಗಿ ನಿಲ್ಲುತ್ತದೆ. ಕಾಡಿನಲ್ಲಿ ಚಕ್ರ ಬದಲಿಸುವಾಗ ಆ ಮಣ್ಣು ಎರಡು ಮುಖಗಳ ಮಧ್ಯೆ ಸೇರುತ್ತದೆ. ನಟ್ ಬಿಗಿಯಾದಂತೆ ಅನಿಸುತ್ತದೆ, ಆದರೆ ನಾವು ಬಿಗಿದದ್ದು ಮಣ್ಣಿನ ಮೇಲೆ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಮಣ್ಣು ಪುಡಿಯಾಗಿ ಉದುರುತ್ತದೆ, ಬಿಗಿ ಹೋಗುತ್ತದೆ. ರಿಮ್‌ಗೆ ಹೊಸದಾಗಿ ದಪ್ಪ ಪೇಂಟ್ ಹೊಡೆಸಿದವರಿಗೂ ಇದೇ ಕಥೆ. ಒಳಮುಖಕ್ಕೆ ಮತ್ತು ನಟ್ ಕೂರುವ ತಗ್ಗಿಗೆ ಪೇಂಟ್ ಬಿದ್ದಿದ್ದರೆ ಕೆರೆದು ತೆಗೆಯಲೇಬೇಕು.

ಎರಡನೆಯದು ನಟ್ ಕೂರುವ ರೀತಿ. ಜಿಪ್ಸಿಯ ಕಬ್ಬಿಣದ ರಿಮ್‌ಗೆ ಬರುವ ನಟ್‌ನ ಒಂದು ತುದಿ ಓರೆಯಾಗಿದೆ. ಆ ಓರೆ ರಿಮ್‌ನ ತೂತಿನ ಓರೆಯ ಒಳಗೆ ಕೂತು ಚಕ್ರವನ್ನು ನಡುವಿಗೆ ತರುತ್ತದೆ. ಅವಸರದಲ್ಲಿ ನಟ್ ತಿರುವುಮುರುವು ಹಾಕಿ, ಚಪ್ಪಟೆ ಮುಖ ರಿಮ್ ಕಡೆ ಮಾಡಿದ ಗಾಡಿಗಳನ್ನು ನೋಡಿದ್ದೇನೆ. ಅದು ನಿಲ್ಲುವುದಿಲ್ಲ. ಅಲಾಯ್ ರಿಮ್ ಹಾಕಿಸಿದ್ದರೆ ಅದರ ತೂತಿನ ಆಕಾರ ಬೇರೆ ಇರಬಹುದು: ಕೆಲವಕ್ಕೆ ಗುಂಡಗಿನ ಮುಖ, ಕೆಲವಕ್ಕೆ ವಾಷರ್ ಇರುವ ಚಪ್ಪಟೆ ನಟ್. ತೂತಿನ ಆಕಾರಕ್ಕೂ ನಟ್‌ನ ಆಕಾರಕ್ಕೂ ಹೊಂದಿಕೆ ಇಲ್ಲದಿದ್ದರೆ ಅಂಚು ಮಾತ್ರ ತಾಗುತ್ತದೆ. ನಟ್ ಬಿಚ್ಚಿ ತೂತಿನ ಒಳಗೆ ನೋಡಿ. ಸುತ್ತಲೂ ಸಮನಾದ ಹೊಳೆಯುವ ಪಟ್ಟಿ ಇದ್ದರೆ ಸರಿ. ಒಂದೇ ಕಡೆ ಹೊಳಪು, ಅಥವಾ ತೆಳ್ಳನೆಯ ಗೆರೆ ಮಾತ್ರ ಇದ್ದರೆ ಕಾರಣ ಸಿಕ್ಕಂತೆ.

ಮೂರನೆಯದು ತುಂಬಾ ಅಪಾಯದ್ದು. ನಮ್ಮ ಕಡೆ ಜಾಸ್ತಿ ಆಗುವುದರಿಂದ ಬಿಡಿಸಿ ಹೇಳುತ್ತೇನೆ. ಹಳೇ ಜೀಪು ಮತ್ತು ಜಿಪ್ಸಿ ಎರಡಕ್ಕೂ ಐದು ಸ್ಟಡ್, ಸ್ಟಡ್‌ಗಳ ವೃತ್ತ 139.7 ಎಂಎಂ, ಅಂದರೆ ಐದೂವರೆ ಇಂಚು. ಹಾಗಾಗಿ ಜೀಪಿನ ರಿಮ್ ಜಿಪ್ಸಿಗೆ, ಜಿಪ್ಸಿಯದು ಜೀಪಿಗೆ ಹಾಕುವ ಪದ್ಧತಿ ಇದೆ. ರಿಮ್ ಜೊತೆಗೆ ನಟ್‌ಗಳೂ ಕೈ ಬದಲಾಗುತ್ತವೆ. ತೊಂದರೆ ಅಲ್ಲೇ. ಜಿಪ್ಸಿಯ ಸ್ಟಡ್ 12 ಎಂಎಂ ದಪ್ಪ, ಥ್ರೆಡ್‌ನಿಂದ ಥ್ರೆಡ್‌ಗೆ 1.25 ಎಂಎಂ. ಹಳೇ ಜೀಪಿನದು ಅರ್ಧ ಇಂಚು, ಅಂದರೆ 12.7 ಎಂಎಂ ದಪ್ಪ, ಇಂಚಿಗೆ 20 ಥ್ರೆಡ್, ಲೆಕ್ಕ ಹಾಕಿದರೆ 1.27 ಎಂಎಂ. ಥ್ರೆಡ್ ಅಂತರ ಹೆಚ್ಚುಕಮ್ಮಿ ಒಂದೇ. ಆದ್ದರಿಂದ ಜೀಪಿನ ನಟ್ ಜಿಪ್ಸಿ ಸ್ಟಡ್ ಮೇಲೆ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ನೋಡಲು ಸರಿಯಾಗಿಯೇ ಕೂರುತ್ತದೆ. ಆದರೆ ಥ್ರೆಡ್‌ನ ತುದಿ ಮಾತ್ರ ಕಚ್ಚಿರುತ್ತದೆ. ಬಿಗಿಯುವಾಗಲೋ, ಮೊದಲ ಗುಂಡಿಯಲ್ಲೋ ಥ್ರೆಡ್ ಕಿತ್ತು ಬರುತ್ತದೆ. ಉಳಿದ ಸ್ಟಡ್‌ಗಳ ಮೇಲೆ ಹೊರೆ ಬಿದ್ದು ಅವು ಮುರಿಯುತ್ತವೆ.

ಗೆಳೆಯರೊಬ್ಬರ ಜಿಪ್ಸಿಯಲ್ಲಿ ಸ್ಟಡ್ ಮುರಿಯುವುದು ನಿಲ್ಲಲೇ ಇಲ್ಲ. ಒಳ್ಳೆಯ ಸ್ಟಡ್ಡೇ ಹಾಕುತ್ತಿದ್ದರು. ಕೊನೆಗೆ ನಟ್‌ಗಳನ್ನೆಲ್ಲ ಒಂದು ತಟ್ಟೆಗೆ ಹಾಕಿ ಹೊಸ ಸ್ಟಡ್‌ಗೆ ಒಂದೊಂದಾಗಿ ತಿರುಗಿಸಿ ನೋಡಿದೆವು. ಎರಡು ನಟ್ ಸ್ಟಡ್ ಮೇಲೆ ಗಿಲಗಿಲ ಅಲ್ಲಾಡಿದವು. ಎರಡೂ ಅರ್ಧ ಇಂಚಿನವು. ಈ ಪರೀಕ್ಷೆಗೆ ಯಾವ ಸಾಮಾನೂ ಬೇಡ. ಹೊಸ ಸ್ಟಡ್‌ಗೆ ನಟ್ ಮೂರ್ನಾಲ್ಕು ಸುತ್ತು ಹಾಕಿ, ಪಕ್ಕಕ್ಕೆ ಅಲ್ಲಾಡಿಸಿ. ಸರಿಯಾದ ನಟ್ ಬೆರಳಲ್ಲೇ ಹೋಗುತ್ತದೆ, ಆದರೆ ಕುಲುಕುವುದಿಲ್ಲ. ಇದರ ಉಲ್ಟಾ ತಪ್ಪೂ ಇದೆ: 1.5 ಎಂಎಂ ಅಂತರದ ನಟ್. ಟೊಯೋಟಾ, ಹೋಂಡಾ ಗಾಡಿಗಳಲ್ಲಿ ಈ ಅಳತೆ ಸಾಮಾನ್ಯ. ಅದು ಜಿಪ್ಸಿ ಸ್ಟಡ್‌ಗೆ ಒಂದೆರಡು ಸುತ್ತು ಹೋಗಿ ಬಿಗಿ ಹಿಡಿಯುತ್ತದೆ. ತುಕ್ಕು ಇರಬೇಕು ಅಂತ ಪಾನಾಕ್ಕೆ ಪೈಪ್ ಹಾಕಿ ತಿರುಗಿಸಿದರೆ ಥ್ರೆಡ್ ಎರಡೂ ಕಡೆ ಹಾಳು.

ಉಳಿದವು ಬೇಗ ಹೇಳಿಬಿಡುತ್ತೇನೆ. ಅಗಲ ಟೈರ್‌ಗಾಗಿ ರಿಮ್ ಮತ್ತು ಡ್ರಮ್ ಮಧ್ಯೆ ಸ್ಪೇಸರ್ ಅನ್ನುವ ತೆಳ್ಳನೆಯ ಬಿಲ್ಲೆ ತೂರಿಸಿದ್ದರೆ ನಟ್‌ಗೆ ಸಿಗುವ ಥ್ರೆಡ್ ಕಡಿಮೆಯಾಗುತ್ತದೆ. ಸ್ಟಡ್ ಎಷ್ಟು ದಪ್ಪವೋ ಅಷ್ಟು ಉದ್ದದ ಥ್ರೆಡ್ಡಾದರೂ ನಟ್ ಒಳಗಿರಬೇಕು. ಜಿಪ್ಸಿಗೆ ಅದು 12 ಎಂಎಂ, ಸುಮಾರು ಒಂಬತ್ತೂವರೆ ಸುತ್ತು. ಬೋಲ್ಟ್ ಹಾಕಿ ಕೂರಿಸುವ ದಪ್ಪ ಸ್ಪೇಸರ್ ಆದರೆ ಅದರ ಒಳಗಿನ ನಟ್‌ಗಳು ಚಕ್ರದ ಹಿಂದೆ ಮರೆಯಾಗಿರುತ್ತವೆ, ಅವನ್ನು ಯಾರೂ ನೋಡುವುದಿಲ್ಲ. ಚಕ್ರ ಬಿಚ್ಚಿದಾಗಲೆಲ್ಲ ಅವನ್ನೂ ಬಿಗಿದು ನೋಡಿ. ಇನ್ನು ಹಳೇ ಜೀಪಿನ ಎಡಗಡೆ ಚಕ್ರಗಳಲ್ಲಿ ಎಡ ಥ್ರೆಡ್ ಇರಬಹುದು. ಸ್ಟಡ್ ತುದಿಯಲ್ಲಿ 'ಎಲ್' ಗುರುತು ಹುಡುಕಿ. ಅದನ್ನು ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದೆ ಎಡಕ್ಕೆ ತಿರುಗಿಸಿ ಬಲ ಹಾಕಿದರೆ ಬಿಚ್ಚುವ ಬದಲು ಬಿಗಿಯುತ್ತಾ ಹೋಗಿ ಸ್ಟಡ್ ತುಂಡಾಗುತ್ತದೆ.

ರಿಮ್‌ನ ತೂತುಗಳು ಮೊಟ್ಟೆಯಾಕಾರಕ್ಕೆ ಬಂದಿದ್ದರೆ, ತೂತಿನ ಸುತ್ತ ಬಿರುಕು ಬಿಟ್ಟಿದ್ದರೆ ಆ ರಿಮ್ ಗುಜರಿಗೆ. ವೆಲ್ಡಿಂಗ್ ಮಾಡಿಸಿ ಮತ್ತೆ ಹಾಕುವ ವಸ್ತು ಅದಲ್ಲ.

ಎಷ್ಟು ಸ್ಟಡ್ ಬದಲಿಸಬೇಕು

ಒಂದು ಸ್ಟಡ್ ಮುರಿದಿದೆ, ಬಿಚ್ಚುವಾಗ ತಿರುಚಿ ಮುರಿದದ್ದು ಅಂತ ಖಚಿತವಾಗಿದೆ, ಉಳಿದವು ನೆಟ್ಟಗಿವೆ. ಆಗ ಅದೊಂದನ್ನೇ ಹಾಕಿದರೂ ಆದೀತು. ದಣಿದು ಮುರಿದಿದ್ದರೆ ಅದರ ಎಡಬಲದ ಎರಡನ್ನೂ ಬದಲಿಸಿ, ಅದರ ಹೊರೆ ಹೊತ್ತದ್ದು ಅವೇ. ಎರಡು ಮುರಿದಿದ್ದರೆ, ಅಥವಾ ಚಕ್ರ ಸಡಿಲವಾಗಿ ಓಡಿದೆ ಅಂತ ಗೊತ್ತಾದರೆ, ಆ ಚಕ್ರದ ಐದೂ ಹೊಸದಾಗಲಿ. ಸ್ಟಡ್‌ಗಳ ಖರ್ಚು ನೋಡಿ ಇಲ್ಲಿ ಉಳಿತಾಯ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಚಕ್ರ ಕಳಚಿದರೆ ಅದು ಎದುರಿಗೆ ಬರುವವರ ಮೇಲೂ ಹೋಗಬಹುದು.

ಉಳಿದ ಸ್ಟಡ್ ಹಿಗ್ಗಿದೆಯೇ ಅಂತ ತಿಳಿಯಲು ಹೊಸ ನಟ್ ಒಂದನ್ನು ಬರೀ ಬೆರಳಿನಿಂದ ಬುಡದವರೆಗೆ ಹಾಕಿ. ಹಿಗ್ಗಿದ ಸ್ಟಡ್‌ನಲ್ಲಿ ನಡುವೆ ಒಂದು ಕಡೆ ನಟ್ ತಾನಾಗಿ ಬಿಗಿ ಹಿಡಿಯುತ್ತದೆ, ಯಾಕೆಂದರೆ ಅಲ್ಲಿ ಥ್ರೆಡ್ ಅಂತರ ಬದಲಾಗಿದೆ. ಪಾನಾ ಹಾಕಿ ಬಿಗಿಯುವಾಗ ಗಟ್ಟಿಯಾಗುವ ಬದಲು ರಬ್ಬರಿನಂತೆ ಬಿಟ್ಟುಕೊಡುತ್ತಾ ಹೋದರೂ ಅದೇ ಅರ್ಥ. ಅಂಥದ್ದನ್ನು ತೆಗೆದುಬಿಡಿ.

ಸ್ಟಡ್ ಕೊಳ್ಳುವಾಗ

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಬೇರೆ ಊರುಗಳಲ್ಲೂ ಜಿಪ್ಸಿ ಸಾಮಾನು ಇಡುವ ಅಂಗಡಿ ಸಿಗುತ್ತದೆ. ಗಾಡಿಯ ಹೆಸರು ಹೇಳಿದರೆ ಸಾಲದು, ಮುರಿಯದ ಹಳೇ ಸ್ಟಡ್ ಒಂದನ್ನು ಒಯ್ಯಿರಿ. ಥ್ರೆಡ್ ಜೊತೆಗೆ ಇನ್ನೂ ಮೂರು ಅಳತೆ ಸರಿಹೋಗಬೇಕು: ತಲೆಯ ಕೆಳಗಿನ ಒಟ್ಟು ಉದ್ದ, ತಲೆಯ ಕೆಳಗೆ ಗೀರು ಗೀರಾಗಿ ಹಲ್ಲು ಇರುವ ಭಾಗದ ದಪ್ಪ, ಆ ಹಲ್ಲಿನ ಉದ್ದ. ಹಬ್‌ನ, ಅಂದರೆ ಚಕ್ರ ಕೂರುವ ನಡುಭಾಗದ, ತೂತಿನಲ್ಲಿ ಕಚ್ಚಿ, ನಟ್ ಜೊತೆ ಸ್ಟಡ್ ತಿರುಗದಂತೆ ಹಿಡಿಯುವುದು ಈ ಹಲ್ಲುಗಳೇ. ದಪ್ಪ ಕಡಿಮೆ ಇದ್ದರೆ ಸ್ಟಡ್ ಒಳಗೇ ತಿರುಗುತ್ತದೆ. ಹಲ್ಲಿನ ಉದ್ದ ಜಾಸ್ತಿ ಇದ್ದರೆ ಹಬ್ ಮುಖದಿಂದ ಹೊರಗೆ ಇಣುಕಿ ಡ್ರಮ್ ಕೂರಲು ಬಿಡುವುದಿಲ್ಲ. ವರ್ನಿಯರ್ ಹಿಡಿದು ಅಂಗಡಿಯಲ್ಲೇ ಅಳೆಯಿರಿ.

ಲೇತ್‌ನಲ್ಲಿ ಸಾದಾ ಕಬ್ಬಿಣ ತಿರುಗಿಸಿ ಸ್ಟಡ್ ಮಾಡಿಕೊಡುವವರಿದ್ದಾರೆ. ಅವರ ಕೈಚಳಕಕ್ಕೆ ನಮಸ್ಕಾರ, ಆದರೆ ಇದು ಆ ಕೆಲಸವಲ್ಲ. ವೀಲ್ ಸ್ಟಡ್ ಮಾಡುವುದು ಹದ ಹಾಕಿದ ಗಟ್ಟಿ ಉಕ್ಕಿನಿಂದ, ಸಾಮಾನ್ಯವಾಗಿ 10.9 ದರ್ಜೆಯದು. ಥ್ರೆಡ್ಡನ್ನು ಕತ್ತರಿಸಿ ತೆಗೆಯುವುದಿಲ್ಲ, ಒತ್ತಿ ಮೂಡಿಸುತ್ತಾರೆ. ಹಾಗಾಗಿ ಥ್ರೆಡ್‌ನ ಬುಡದಲ್ಲಿ ಬಿರುಕು ಹುಟ್ಟುವುದು ಕಡಿಮೆ. ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ಕೂಡ ಬೇಡ.

ಸ್ಟಡ್ ಜೊತೆಗೆ ಅಷ್ಟೇ ಹೊಸ ನಟ್ ತನ್ನಿ. ಹಳೇ ನಟ್ ಒಂದನ್ನು ಎಳೆಯುವ ಕೆಲಸಕ್ಕೆ ಇಟ್ಟುಕೊಳ್ಳಿ.

ಗಾಡಿ ಎತ್ತುವುದು

ಸಮತಟ್ಟಾದ ಗಟ್ಟಿ ನೆಲ. ಉಳಿದ ಮೂರು ಚಕ್ರಗಳಿಗೆ ಮುಂದೆ ಹಿಂದೆ ಮರದ ದಿಮ್ಮಿ ಅಥವಾ ಕಲ್ಲು. ಈ ಕೆಲಸದಲ್ಲಿ ಕಲ್ಲಿನ ಮೇಲೇ ಪೂರ್ತಿ ಭರವಸೆ, ಯಾಕೆಂದರೆ ಹಿಂದಿನ ಡ್ರಮ್ ಹೊರಗೆ ಬರಬೇಕಾದರೆ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಹಳೇ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿ ಇರುವುದಿಲ್ಲ, ಗೇರ್‌ಬಾಕ್ಸ್ ಹಿಂದಿನ ಶಾಫ್ಟ್ ಹಿಡಿಯುತ್ತದೆ. ಅಂಥ ಗಾಡಿಯಲ್ಲಿ ಒಂದು ಹಿಂದಿನ ಚಕ್ರ ಎತ್ತಿದರೆ ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಉರುಳಬಹುದು. ಶಾಫ್ಟ್ ನಿಂತಿದ್ದರೂ ಎತ್ತಿದ ಚಕ್ರ ಒಂದು ಕಡೆ, ನೆಲದ ಚಕ್ರ ಇನ್ನೊಂದು ಕಡೆ ತಿರುಗಲು ಆಕ್ಸಲ್ ನಡುವಿನ ಗೇರು, ಅಂದರೆ ಡಿಫರೆನ್ಶಿಯಲ್, ಬಿಡುತ್ತದೆ. ಗೇರಿನಲ್ಲಿ ನಿಲ್ಲಿಸಿದರೂ ಅಷ್ಟೇ.

ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಆಮೇಲೆ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ಮೇಲೆ ನಿಂತ ಗಾಡಿಗೆ ಸುತ್ತಿಗೆ ಏಟು ಹಾಕುವುದು ಜೀವಕ್ಕೆ ಅಪಾಯ.

ನಟ್ ತಿರುಗುತ್ತದೆ, ಬಿಚ್ಚುವುದಿಲ್ಲ

ಕೆಲವು ಸಲ ಸ್ಟಡ್ ಮುರಿದಿರುವುದಿಲ್ಲ, ಹಬ್ ಒಳಗೆ ಹಲ್ಲು ಸವೆದು ನಟ್ ಜೊತೆ ತಾನೂ ಸುತ್ತುತ್ತದೆ. ಮೊದಲು ಉಳಿದ ನಟ್‌ಗಳನ್ನು ತೆಗೆದು, ರಿಮ್ ಮತ್ತು ಡ್ರಮ್ ಮಧ್ಯೆ ಆ ಸ್ಟಡ್ ಹತ್ತಿರ ಹಾರೆಯ ತುದಿ ಕೊಟ್ಟು ರಿಮ್ಮನ್ನು ಹೊರಗೆ ದೂಡಿಸಿ. ಸ್ಟಡ್‌ನ ತಲೆ ಹಿಂದಿನಿಂದ ಹಬ್‌ಗೆ ಒತ್ತಿ, ಕೆಲವೊಮ್ಮೆ ನಟ್ ಬಿಡಿಸಲು ಬೇಕಾದಷ್ಟು ಹಿಡಿತ ಸಿಗುತ್ತದೆ. ಆಗದಿದ್ದರೆ ಚೂಪಾದ ಚಾಣದಿಂದ ನಟ್ಟನ್ನು ಒಂದು ಬದಿಯಲ್ಲಿ ಸೀಳಿ, ಅಥವಾ ಸಣ್ಣ ಗ್ರೈಂಡರಿನಿಂದ ನಿಧಾನವಾಗಿ ಕತ್ತರಿಸಿ. ಕಿಡಿ ಹಾರುವ ಕಡೆ ಬ್ರೇಕ್ ಹೋಸ್, ಪೆಟ್ರೋಲ್ ಪೈಪ್ ಇಲ್ಲ ಅಂತ ನೋಡಿಕೊಳ್ಳಿ. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಒಂದು ಬಕೆಟ್ ನೀರು.

ಹಳೇದು ತೆಗೆಯುವುದು

ಜಿಪ್ಸಿಯ ಹಿಂದಿನ ಡ್ರಮ್‌ನಲ್ಲಿ ಎರಡು ಥ್ರೆಡ್ ಇರುವ ತೂತುಗಳಿವೆ. 8 ಎಂಎಂ ಬೋಲ್ಟ್ ಎರಡನ್ನು ಅವಕ್ಕೆ ಹಾಕಿ, ಒಮ್ಮೆ ಇದು ಒಮ್ಮೆ ಅದು ಅಂತ ಸಮನಾಗಿ ಬಿಗಿಯುತ್ತಾ ಹೋದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ. ತೂತಿನಲ್ಲಿ ಮಣ್ಣು ತುಂಬಿದ್ದರೆ ಮೊದಲು ಕೆದಕಿ ತೆಗೆಯಿರಿ. ಡ್ರಮ್ ಹೊರಗಿರುವಾಗ ಬ್ರೇಕ್ ಪೆಡಲ್ ಯಾರೂ ತುಳಿಯಬಾರದು. ಮಕ್ಕಳು ಗಾಡಿಯೊಳಗೆ ಆಡುತ್ತಿದ್ದರೆ ಇಳಿಸಿಬಿಡಿ. ಒಳಗಿನ ಕಪ್ಪು ಧೂಳನ್ನು ಬಾಯಿಂದಲೋ ಗಾಳಿಯಿಂದಲೋ ಊದಬೇಡಿ, ಹಳೇ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ಈಗ ಆಕ್ಸಲ್‌ನ ತುದಿಯ ಅಗಲ ಚಾಚು ಕಾಣುತ್ತದೆ (ಹಿಂದಿನ ಚಕ್ರಕ್ಕೆ ಹಬ್ ಅಂದರೆ ಇದೇ), ಸ್ಟಡ್‌ಗಳು ಅದರ ಹಿಂದಿನಿಂದ ಬಂದಿವೆ. ಚಾಚನ್ನು ಕೈಯಿಂದ ತಿರುಗಿಸಿ, ತೆಗೆಯಬೇಕಾದ ಸ್ಟಡ್‌ನ ತಲೆ ಹಿಂದಕ್ಕೆ ಬರಲು ಎಲ್ಲಿ ಜಾಗ ಜಾಸ್ತಿ ಇದೆ ಅಂತ ಹುಡುಕಿ. ಜಾಗ ಸಾಲದೆ ಹೊಸ ಸ್ಟಡ್ ತೂರಿಸಲು ಅದರ ತಲೆಯನ್ನೇ ಉಜ್ಜುವವರಿದ್ದಾರೆ. ಅದು ಬೇಡ. ಬ್ರೇಕ್ ಶೂ ಬಿಚ್ಚಿ ಜಾಗ ಮಾಡಿಕೊಳ್ಳಿ.

ಸಾಧ್ಯವಿದ್ದರೆ ಸ್ಕ್ರೂ ಇರುವ ಸಿ-ಕ್ಲಾಂಪ್ ಅಥವಾ ಬಾಲ್ ಜಾಯಿಂಟ್ ಪ್ರೆಸ್‌ನಿಂದ ಒತ್ತಿ ತೆಗೆಯಿರಿ. ಸುತ್ತಿಗೆಯೇ ಗತಿ ಅಂದರೆ ಮುರಿದ ಮುಖದ ಮೇಲೆ ಹಿತ್ತಾಳೆ ತುಂಡಿಟ್ಟು, ಭಾರವಾದ ಸುತ್ತಿಗೆಯಿಂದ ಕಡಿಮೆ ಏಟುಗಳಲ್ಲಿ ಹೊಡೆಯಿರಿ. ಹಗುರ ಸುತ್ತಿಗೆಯಿಂದ ಟಕಟಕ ಬಡಿದರೆ ಸ್ಟಡ್ ಹೊರಡದು, ಬೇರಿಂಗ್‌ಗೆ ಮಾತ್ರ ಪೆಟ್ಟು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದರೆ ಸುಲಭ, ಲೈನಿಂಗ್ ಮೇಲೆ ಬೀಳದಂತೆ ಹಾಕಿ. ಗ್ಯಾಸ್ ಕಟ್ಟರ್‌ನಿಂದ ಕಾಯಿಸಬೇಡಿ, ಹತ್ತಿರದಲ್ಲೇ ಸೀಲ್ ಮತ್ತು ಗ್ರೀಸ್ ಇವೆ.

ಹಳೇ ಜೀಪಿನವರಿಗೆ ಎರಡು ಎಚ್ಚರಿಕೆ. ಕೆಲವು ಹಿಂದಿನ ಆಕ್ಸಲ್‌ಗಳಲ್ಲಿ ಹಬ್ ಓರೆ ಶಾಫ್ಟ್ ಮೇಲೆ ಕೂತಿರುತ್ತದೆ, ಅದಕ್ಕೆ ದೊಡ್ಡ ಪುಲ್ಲರ್ ಬೇಕು. ಮತ್ತೆ, ಕೆಲವು ಹಬ್‌ಗಳಲ್ಲಿ ಸ್ಟಡ್‌ನ ಭುಜವನ್ನು ಅಗಲಿಸಿ ಡ್ರಮ್ ಮತ್ತು ಹಬ್ಬನ್ನು ಒಂದಾಗಿ ಹೊಲಿದಿರುತ್ತಾರೆ. ಆ ಅಗಲವಾದ ಅಂಚನ್ನು ಮೊದಲು ಕತ್ತರಿಸದೆ ಬಡಿದರೆ ಹಬ್‌ನ ತೂತೇ ದೊಡ್ಡದಾಗುತ್ತದೆ. ಅದು ಲೇತ್ ಅಂಗಡಿಯ ಕೆಲಸ. ಮುಂದಿನ ಚಕ್ರದ ಸ್ಟಡ್‌ಗೆ ಹಬ್ ಪೂರ್ತಿ ಬಿಚ್ಚಬೇಕಾಗಿ ಬಂದರೂ ಅಷ್ಟೇ: ಬೇರಿಂಗ್ ಬಿಗಿ ಹೊಂದಿಸಲು ಬರದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ.

ಹೊಸದು ಎಳೆಯುವುದು

ತೂತನ್ನು ವೈರ್ ಬ್ರಷ್‌ನಿಂದ ಉಜ್ಜಿ, ಹೊಸ ಸ್ಟಡ್ ಹಿಂದಿನಿಂದ ತೂರಿಸಿ. ಹಳೇ ಹಲ್ಲಿನ ಗೀರು ತೂತಿನಲ್ಲಿ ಮೂಡಿರುತ್ತದೆ. ಸ್ಟಡ್ಡನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿದರೆ ಒಂದು ಕಡೆ ಹಲ್ಲು ಆ ಗೀರಿಗೆ ಸಿಕ್ಕಿ ನಿಲ್ಲುತ್ತದೆ. ಅಲ್ಲಿಂದಲೇ ಎಳೆಯಬೇಕು.

ಮುಂದಿನಿಂದ ಸ್ಟಡ್ ಮೇಲೆ ದಪ್ಪ ವಾಷರ್‌ಗಳನ್ನು ಪೇರಿಸಿ. ವಾಷರ್‌ಗಳ ಮಧ್ಯೆ ಸ್ವಲ್ಪ ಗ್ರೀಸ್ ಹಚ್ಚಿ. ಹಳೇ ನಟ್ಟನ್ನು ತಿರುವಿ, ಚಪ್ಪಟೆ ಮುಖ ವಾಷರ್ ಕಡೆ ಬರುವಂತೆ ಹಾಕಿ. ಥ್ರೆಡ್‌ಗೆ ಒಂದು ಹನಿ ಎಣ್ಣೆ ಈ ಎಳೆಯುವ ಕೆಲಸಕ್ಕೆ ಮಾತ್ರ. ಪಾನಾದಿಂದ ನಿಧಾನವಾಗಿ ಬಿಗಿಯಿರಿ, ಗಾಳಿ ಗನ್ ಬೇಡ. ಚಾಚು ತಿರುಗದಂತೆ ಬೇರೆ ಎರಡು ಸ್ಟಡ್‌ಗಳ ಮಧ್ಯೆ ಹಾರೆ ಅಡ್ಡ ಕೊಡಿ, ಆ ಸ್ಟಡ್‌ಗಳ ಥ್ರೆಡ್ ಉಳಿಯಲು ಅವಕ್ಕೆ ನಟ್ ಹಾಕಿರಿ.

ಕೈಗೆ ಸಿಗುವ ಅನುಭವ ಇಲ್ಲಿ ಮುಖ್ಯ. ಹಲ್ಲು ಕಚ್ಚುತ್ತಾ ಬರುವಾಗ ಪಾನಾ ಒಂದೇ ಸಮನಾದ ಬಿಗಿಯಲ್ಲಿ ತಿರುಗುತ್ತದೆ, ಆಗಾಗ 'ಕಿರ್' ಅನ್ನುತ್ತದೆ. ತಲೆ ಹಬ್‌ಗೆ ಕೂತ ಕೂಡಲೇ ಗೋಡೆಗೆ ತಾಗಿದಂತೆ ಗಟ್ಟಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಆಮೇಲೆ ಹಿಂದಿನಿಂದ ಟಾರ್ಚ್ ಬಿಟ್ಟು, ತಲೆ ಮತ್ತು ಚಾಚಿನ ಮಧ್ಯೆ ತೆಳ್ಳನೆಯ ಕಾಗದ ತೂರಿಸಿ ನೋಡಿ. ಸುತ್ತಲೂ ಎಲ್ಲೂ ಹೋಗಬಾರದು. ಹೋದರೆ ಅದು ಪೂರ್ತಿ ಕೂತಿಲ್ಲ. ಹಾಗೇ ಚಕ್ರ ಹಾಕಿದರೆ ರಸ್ತೆಯಲ್ಲಿ ತಲೆ ಮುಂದೆ ಸರಿದು ನಟ್ ಸಡಿಲವಾಗುತ್ತದೆ. ಇದೇ ಕಾರಣಕ್ಕೆ ಚಕ್ರ ಹಾಕಿ, ಅದರ ನಟ್ಟಿನಿಂದಲೇ ಸ್ಟಡ್ ಎಳೆಯುವ ಅಡ್ಡದಾರಿ ನನಗೆ ಒಪ್ಪಿಗೆಯಿಲ್ಲ. ಎಲ್ಲಿ ಕೂತಿತು ಅಂತ ಕಾಣುವುದೇ ಇಲ್ಲ.

ಹೊಸ ಸ್ಟಡ್ ಕೈಯಿಂದಲೇ ತೂತಿನಲ್ಲಿ ಸುತ್ತಿದರೆ ತೂತು ಸವೆದಿದೆ. ತಲೆಗೆ ಹಿಂದಿನಿಂದ ವೆಲ್ಡಿಂಗ್ ಚುಕ್ಕೆ ಇಟ್ಟು ನಿಲ್ಲಿಸುವುದು ನಮ್ಮಲ್ಲಿ ರೂಢಿ. ಹದ ಹಾಕಿದ ಉಕ್ಕಿಗೆ ಆ ಶಾಖ ವಿಷ. ವೆಲ್ಡಿಂಗ್ ಪಕ್ಕದಲ್ಲೇ ಅದು ಪೆಡಸಾಗಿ ಬಿರುಕು ಬಿಡುತ್ತದೆ. ಸ್ವಲ್ಪ ದಪ್ಪ ಹಲ್ಲಿನ ಸ್ಟಡ್ ಸಿಕ್ಕರೆ ಹಾಕಿ, ಇಲ್ಲದಿದ್ದರೆ ಆ ಭಾಗವನ್ನೇ ಬದಲಿಸಿ.

ಚಕ್ರ ಹಾಕಿ ಬಿಗಿಯುವುದು

ಎಳೆಯಲು ಹಾಕಿದ ಎಣ್ಣೆ, ಗ್ರೀಸ್ ಎಲ್ಲ ಒರೆಸಿ ತೆಗೆಯಿರಿ. ನಟ್ ತಿರುಗಿಸುವ ನಮ್ಮ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉಜ್ಜಾಟಕ್ಕೇ ಖರ್ಚಾಗುತ್ತದೆ, ಒಂದು ಪಾಲು ಮಾತ್ರ ಸ್ಟಡ್ ಎಳೆಯುತ್ತದೆ. ಎಣ್ಣೆ ಇದ್ದರೆ ಉಜ್ಜಾಟ ಕಡಿಮೆಯಾಗಿ, ಅದೇ ಅಳತೆಯ ಬಿಗಿಯಲ್ಲಿ ಸ್ಟಡ್ ತುಂಬಾ ಜಾಸ್ತಿ ಹಿಗ್ಗುತ್ತದೆ.

ಡ್ರಮ್, ರಿಮ್ ಎರಡರ ಮುಖವನ್ನೂ ವೈರ್ ಬ್ರಷ್‌ನಿಂದ ಬೆಳ್ಳಗಾಗುವಂತೆ ಉಜ್ಜಿ. ಐದೂ ನಟ್ಟನ್ನು ಬೆರಳಿನಿಂದ ಪೂರ್ತಿ ಹಾಕಿ. ಬಿಗಿಯುವಾಗ ಒಂದು ಬಿಟ್ಟು ಒಂದು, ನಕ್ಷತ್ರ ಬರೆದ ಹಾಗೆ. ಚಕ್ರ ಮೇಲಿರುವಾಗ ಅರ್ಧ ಬಿಗಿ, ನೆಲಕ್ಕಿಳಿಸಿದ ಮೇಲೆ ಪೂರ್ತಿ. ಎಷ್ಟು ಬಿಗಿ ಅಂತ ನಿಮ್ಮ ಗಾಡಿಯ ಪುಸ್ತಕ ನೋಡಿ, ಅಂದಾಜು ಬೇಡ.

ಬಿಗಿ ಅಳೆಯುವ ಪಾನಾ, ಅಂದರೆ ಟಾರ್ಕ್ ರೆಂಚ್, ಇಲ್ಲದಿದ್ದರೆ ಒಂದು ಉಪಾಯ ಇದೆ. ಬಲವನ್ನು ಉದ್ದದಿಂದ ಗುಣಿಸಿದರೆ ಟಾರ್ಕ್. ನಟ್‌ನ ನಡುವಿನಿಂದ 40 ಸೆಂಟಿಮೀಟರ್ ದೂರದಲ್ಲಿ ಪಾನಾಕ್ಕೆ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಪಾನಾಕ್ಕೆ ನೇರ ಅಡ್ಡವಾಗಿ 20 ಕೆಜಿ ಎಳೆದರೆ 8 ಕೆಜಿ-ಮೀಟರ್, ಸುಮಾರು 78 ನ್ಯೂಟನ್ ಮೀಟರ್. 50 ಸೆಂಟಿಮೀಟರ್ ದೂರದಲ್ಲಿ ಅಷ್ಟೇ ಎಳೆದರೆ 10 ಕೆಜಿ-ಮೀಟರ್, ಸುಮಾರು 98. ಪುಸ್ತಕದ ಅಂಕಿಗೆ ತಕ್ಕಂತೆ ದೂರ ಹೊಂದಿಸಿಕೊಳ್ಳಿ. ಪಾನಾದ ಮೇಲೆ ಹತ್ತಿ ನಿಂತು ಕುಣಿಯುವುದಕ್ಕಿಂತ ಈ ತಕ್ಕಡಿ ಎಷ್ಟೋ ಮೇಲು.

ಹೊರಡುವ ಮೊದಲು ಬ್ರೇಕ್ ಪೆಡಲ್ ಕೆಲವು ಸಲ ಒತ್ತಿ ಶೂ ಹೊಂದಿಸಿ, ಹ್ಯಾಂಡ್‌ಬ್ರೇಕ್ ನೋಡಿ. 50ರಿಂದ 100 ಕಿಲೋಮೀಟರ್ ಆದ ಮೇಲೆ ನಟ್‌ಗಳನ್ನು ಅದೇ ಅಳತೆಗೆ ಮತ್ತೆ ನೋಡಿ. ಮೊದಲ ಸಲ ಸ್ವಲ್ಪ ತಿರುಗಿದರೆ ಗಾಬರಿ ಬೇಡ. ಎರಡನೇ ಸಲವೂ ತಿರುಗಿದರೆ ಚಕ್ರ ಬಿಚ್ಚಿ ಮುಖಗಳನ್ನೂ ನಟ್‌ಗಳನ್ನೂ ಮೊದಲಿನಿಂದ ಪರೀಕ್ಷಿಸಿ. ಮಳೆಗಾಲದಲ್ಲಿ ನಟ್ ಬುಡದಿಂದ ರಿಮ್ ಮೇಲೆ ಕಂದು ಗೆರೆ ಇಳಿದಿದ್ದರೆ, ಸುತ್ತಲೂ ಪೇಂಟ್ ಪುಡಿಯಾಗಿದ್ದರೆ ಅಲ್ಲಿ ಏನೋ ಅಲುಗಾಡುತ್ತಿದೆ.

ಕಾಡಿನ ಮಧ್ಯೆ ಮುರಿದರೆ

ಐದರಲ್ಲಿ ಒಂದು ಹೋಗಿದ್ದರೆ, ಉಳಿದ ನಾಲ್ಕು ಗಟ್ಟಿ ಇದ್ದರೆ, ಚಕ್ರ ಬಿಚ್ಚಿ ಮಣ್ಣು ಒರೆಸಿ ಮತ್ತೆ ಬಿಗಿದು, ಭಾರ ಇಳಿಸಿ ನಿಧಾನವಾಗಿ ಹತ್ತಿರದ ಊರಿಗೆ ಬರಬಹುದು. ಪ್ರತಿ ಎರಡು ಮೂರು ಕಿಲೋಮೀಟರಿಗೆ ಇಳಿದು ನಟ್ ನೋಡಿ. ನಟ್ ಮಾತ್ರ ಕಳೆದು ಸ್ಟಡ್‌ಗಳು ಚೆನ್ನಾಗಿದ್ದರೆ ಬೇರೆ ಚಕ್ರಗಳಿಂದ ಒಂದೊಂದು ತೆಗೆದು ಹಾಕಿಕೊಳ್ಳಿ. ಎರಡು ಸ್ಟಡ್ ಮುರಿದಿದ್ದರೆ ಗಾಡಿ ಅಲ್ಲೇ ನಿಲ್ಲಲಿ. ಇನ್ನೊಂದು ಗಾಡಿಯಲ್ಲಿ ಹೋಗಿ ಸ್ಟಡ್ ತನ್ನಿ. ಘಾಟಿ ಇಳಿಯುವ ದಾರಿಯಾದರೆ ಒಂದೇ ಮುರಿದಿದ್ದರೂ ಇಳಿಸಬೇಡಿ ಅನ್ನುತ್ತೇನೆ. ಗಾಡಿಯಲ್ಲಿ ಎರಡು ಸ್ಟಡ್, ಮೂರು ನಟ್, ನಾಲ್ಕು ದಪ್ಪ ವಾಷರ್, 8 ಎಂಎಂ ಬೋಲ್ಟ್ ಎರಡು, ಒಂದು ವೈರ್ ಬ್ರಷ್ ಕಟ್ಟಿಡಿ. ಎಲ್ಲ ಸೇರಿ ಒಂದು ಸಣ್ಣ ಡಬ್ಬಿಯಲ್ಲಿ ಹಿಡಿಯುತ್ತದೆ.